ಸಮಾನತಾ ಸಪ್ತಾಹದ ಏಕೈಕ ಸೋಫಾ ಅವರ ಸನ್ನಿಧಿಗೆ

ಇವರಿಗೆ,
ಕೆಂಪು ಮಖಮಲ್ಲಿನ ಮೂರು ಸೀಟಿನ ಸೋಫಾ ಅವರು,
ಪ್ರಾಂಶುಪಾಲರ ಸಂದರ್ಶಕರ ಕೋಣೆ, ನೆಲಮಹಡಿ.
(ಕಾರ್ಯಕ್ರಮವಿರುವ ದಿನಗಳಲ್ಲಿ: ಸಭಾಂಗಣದ ವೇದಿಕೆ, ಎರಡನೆಯ ಮಹಡಿ.)

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ನಾಲ್ಕೂ ಕಾಲುಗಳಿಗೆ ನನ್ನ ಸವಿನಯ ವಂದನೆಗಳು. ಅವುಗಳಲ್ಲಿ ಹಿಂದಿನ ಎಡಗಾಲಿಗೆ ಒಂದು ವಂದನೆ ಹೆಚ್ಚಿಗೆ, ಏಕೆಂದರೆ ಕಳೆದ ವಾರವಿಡೀ ಬೆಳಿಗ್ಗೆ ಎರಡನೆಯ ಮಹಡಿಗೂ ಸಂಜೆ ನೆಲಮಹಡಿಗೂ ಅದನ್ನು ಹಿಡಿದು ನಡೆದವನು ನಾನೇ, ಮತ್ತು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನಾನು ನನ್ನ ಸ್ವಂತ ಅಜ್ಜನ ಕಾಲನ್ನೂ ಹಿಡಿದವನಲ್ಲ. ತಾವು ಈಗ ಚೇತರಿಸಿಕೊಂಡಿದ್ದೀರೆಂದು ಕೇಳಿ ಸಂತೋಷವಾಯಿತು. ಕಳಚಿದ್ದ ತಮ್ಮ ಬಲಗೈಯನ್ನು ಬಡಗಿಯವರು ಮತ್ತೆ ಕೂಡಿಸಿದ್ದಾರಂತೆ, ಕೊಂಚ ಸೊಟ್ಟಗಾಗಿದ್ದರೂ ಮೇಲೊಂದು ಕಸೂತಿ ಬಟ್ಟೆ ಹೊದಿಸಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲವಂತೆ. ನನ್ನ ಸೊಂಟದ ಬಗ್ಗೆ ತಾವು ವಿಚಾರಿಸಲಿಲ್ಲ. ವಿಚಾರಿಸುವ ಸ್ವಭಾವ ತಮ್ಮದಲ್ಲವೆಂದು ಬಲ್ಲೆ. ಅಮ್ಮ ಮನೆಯಿಂದ ಮುಲಾಮು ಕಳಿಸಿದ್ದಾಳೆ.

ಇಷ್ಟು ದೊಡ್ಡವರಿಗೆ ನೇರವಾಗಿ ಪತ್ರ ಬರೆಯುವುದು ಉದ್ಧಟತನವೆಂದು ತಾವು ಭಾವಿಸಬಾರದು. ದೂರುಗಳಿದ್ದರೆ ಸಲಹಾ ಪೆಟ್ಟಿಗೆಯಲ್ಲಿ ಹಾಕಬೇಕೆಂಬ ನಿಯಮ ನಮ್ಮಲ್ಲಿದೆ, ಮತ್ತು ನಿಯಮವೆಂದರೆ ನನಗೆ ಭಯಭಕ್ತಿ. ಆದರೆ ಆ ಪೆಟ್ಟಿಗೆಯನ್ನು ಹೊಡೆದಿರುವುದು ಸಂದರ್ಶಕರ ಕೋಣೆಯ ಗೋಡೆಗೆ, ತಮ್ಮ ಬೆನ್ನ ಹಿಂದೆ, ತಮ್ಮನ್ನು ಸರಿಸದೆ ಯಾರ ಕೈಗೂ ಎಟುಕದಂತೆ. ತಮ್ಮನ್ನು ಇನ್ನೊಮ್ಮೆ ಸರಿಸುವುದಕ್ಕಿಂತ ತಮಗೇ ಬರೆದು, ಅದರ ಪ್ರತಿಯೊಂದನ್ನು ಸೂಚನಾಫಲಕಕ್ಕೆ ಅಂಟಿಸುವುದು ಸುಲಭವೆಂದು ತೋರಿತು. ಓದುವವರು ಓದಿಕೊಳ್ಳಲಿ.

ತಮಗೆ ತಿಳಿಯದ್ದೇನಲ್ಲ, ವಿದ್ಯಾರ್ಥಿಗಳಲ್ಲಿ ಸಾಮಾಜಿಕ ನ್ಯಾಯದ ಅರಿವು ಮೂಡಲಿ ಎಂದು ನಮ್ಮ ಕಾಲೇಜು ವರ್ಷಕ್ಕೊಮ್ಮೆ ಸಮಾನತಾ ಸಪ್ತಾಹ ನಡೆಸುತ್ತದೆ. ದಿನಕ್ಕೊಂದು ವಿಷಯ, ವಿಷಯಕ್ಕೊಬ್ಬ ಅತಿಥಿ, ಅತಿಥಿಗೊಂದು ಸೋಫಾ. ಮೊದಲಿಗೆ ಅತಿಥಿಗಳನ್ನೂ ನಾವೆಲ್ಲ ಕೂರುವಂಥ ಕುರ್ಚಿಯಲ್ಲೇ ಕೂರಿಸೋಣವೆಂಬ ಮಾತು ಸಮಿತಿಯಲ್ಲಿ ಬಂದಿತ್ತಂತೆ. ಸಮಾನತೆಯ ಬಗ್ಗೆ ಮಾತಾಡಲು ಬಂದವರನ್ನು ಎಲ್ಲರ ಸಮಕ್ಕೆ ಕೂರಿಸಿದರೆ ಅವಮಾನವಾದೀತೆಂದು ಹಿರಿಯ ಅಧ್ಯಾಪಕರೊಬ್ಬರು ಎಚ್ಚರಿಸಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಇಡೀ ಕಾಲೇಜಿಗೆ ಇರುವ ಸೋಫಾ ತಾವೊಬ್ಬರೇ. ತಮ್ಮನ್ನು ಮೇಲೆಯೇ ಬಿಟ್ಟರೆ ಸಂಜೆ ಪ್ರಾಂಶುಪಾಲರನ್ನು ಕಾಣಲು ಬರುವವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಯೂ ಎದ್ದಿತು. ಆದ್ದರಿಂದ ತಾವು ದಿನಾ ಹತ್ತುವುದು, ದಿನಾ ಇಳಿಯುವುದು ಎಂದು ತೀರ್ಮಾನವಾಯಿತು. ಹತ್ತುವುದು ಇಳಿಯುವುದು ಎಂಬ ಕ್ರಿಯಾಪದಗಳನ್ನು ತಮಗೆ ಅನ್ವಯಿಸಿದ್ದು ಬರೀ ಗೌರವಕ್ಕೆ.

ಹತ್ತಿದವರು, ಇಳಿದವರು ನಾವು ಆರು ಜನ. ನಮಗೆ ಸಂಚಾಲಕಿಯವರು, ಅಂದರೆ ಸಪ್ತಾಹದ ಹೊಣೆ ಹೊತ್ತ ಅಧ್ಯಾಪಕಿ, 'ಸೇವಾ ಸಾರಥಿಗಳು' ಎಂದು ನಾಮಕರಣ ಮಾಡಿ ಎದೆಗೆ ಚುಚ್ಚಿಕೊಳ್ಳಲು ಬಿಲ್ಲೆ ಕೊಟ್ಟರು. ಹಾಸ್ಟೆಲಿನಲ್ಲಿ ನಮ್ಮನ್ನು ಸೋಫಾ ಸೈನ್ಯ ಎನ್ನುತ್ತಿದ್ದರು, ಅದಕ್ಕೆ ಬಿಲ್ಲೆ ಇರಲಿಲ್ಲ. ಸಂಚಾಲಕಿಯವರು ಮನಸ್ಸಿನಿಂದ ತುಂಬ ಒಳ್ಳೆಯವರು. ನಾವು ತಮ್ಮನ್ನು ಹೊತ್ತು ಏದುಸಿರು ಬಿಡುವುದನ್ನು ಕಂಡಾಗಲೆಲ್ಲ ಅವರ ಕಣ್ಣು ತುಂಬುತ್ತಿತ್ತು, ಮತ್ತು ದಾರಿ ಬಿಡಲು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು.

ಸೋಮವಾರದ ವಿಷಯ 'ಶ್ರಮದ ಘನತೆ'. ಅಂದಿನ ಅತಿಥಿಗಳು ತಮ್ಮ ಮಡಿಲಲ್ಲಿ ಬೆನ್ನಾನಿಸಿ ಕೂತು, ದೈಹಿಕ ದುಡಿಮೆಯ ಬಗ್ಗೆ ನಮ್ಮ ಕಣ್ಣು ತೆರೆಸುವಂತೆ ಮಾತಾಡಿದರೆಂದು ಆಮೇಲೆ ತಿಳಿಯಿತು. ನಾವು ಆಗ ಕೆಳಗಿನಿಂದ ತಮ್ಮ ಜೊತೆಗಾರ್ತಿ ಗಾಜಿನ ಟೀಪಾಯಿಯವರನ್ನು ತರುತ್ತಿದ್ದೆವು. ಮಂಗಳವಾರ 'ಅಂಚಿನಲ್ಲಿರುವವರು'. ಟೀಪಾಯಿ ಬೇಗ ಬಂತೆಂದು ಖುಷಿಪಡುವಷ್ಟರಲ್ಲಿ ಹೂದಾನಿ ಬೇಕೆಂದರು. ಬುಧವಾರ 'ಕೇಳಿಸದ ದನಿಗಳು'. ಅಂದು ಬಾಗಿಲ ತನಕ ತಲುಪಿದ್ದೆವು, ಒಳಗಿನ ಮಾತು ಕೇಳಿಸಿಕೊಳ್ಳಲು ಕಿವಿ ಇಟ್ಟೆವು, ಗದ್ದಲವಾಗುತ್ತದೆಂದು ಯಾರೋ ಬಾಗಿಲು ಮುಚ್ಚಿದರು. ಹೀಗೆ ಒಂದು ವಾರದ ಭಾಷಣಗಳನ್ನೆಲ್ಲ ಒಂದಕ್ಷರ ಬಿಡದೆ, ತೂಕಡಿಸದೆ, ಮೊಬೈಲು ನೋಡದೆ ಆಲಿಸಿದವರು ಕಾಲೇಜಿನಲ್ಲಿ ತಾವೊಬ್ಬರೇ. ಈ ಸಾಧನೆಗೆ ತಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ.

ಇಷ್ಟೇ ಆಗಿದ್ದರೆ ನಾನು ಮುಲಾಮು ಹಚ್ಚಿಕೊಂಡು ಸುಮ್ಮನಿರುತ್ತಿದ್ದೆ. ತಮ್ಮ ಗಮನಕ್ಕೆ ತರಬೇಕಾದ ಅಸಲು ಸಂಗತಿ ಬೇರೆಯದು, ಅದಕ್ಕೆ ನಮ್ಮ ಕಾಲೇಜಿನ ಎರಡು ನಿಯಮಗಳನ್ನು ಹೇಳಲೇಬೇಕು. ಶುಲ್ಕ ವಿನಾಯಿತಿ ಪಡೆದ ವಿದ್ಯಾರ್ಥಿಗಳು ಕಾಲೇಜಿನ ಕಾರ್ಯಕ್ರಮಗಳಲ್ಲಿ ಕೈಜೋಡಿಸಬೇಕು, ಇದು ಒಂದು ಸಮಿತಿಯ ನಿಯಮ. ಸಮಾನತಾ ಸಪ್ತಾಹದ ಒಂದಾದರೂ ಸಭೆಗೆ ಹಾಜರಾಗದವರ ಶುಲ್ಕ ವಿನಾಯಿತಿ ರದ್ದು, ಇದು ಇನ್ನೊಂದು ಸಮಿತಿಯ ನಿಯಮ. ಎರಡೂ ನಿಯಮಗಳು ಸದುದ್ದೇಶದವು, ಒಳ್ಳೆಯ ಮನೆತನದವು, ಆದರೆ ಒಂದಕ್ಕೊಂದು ಮುಖಪರಿಚಯವಿಲ್ಲದವು. ಅವು ಮೊದಲ ಬಾರಿಗೆ ಭೇಟಿಯಾದದ್ದು ನಮ್ಮ ಆರು ಜನರ ಹೆಗಲ ಮೇಲೆ.

ಹಾಜರಿ ಬರೆಯುವವರು ಹಾಜರಿ ಗುಮಾಸ್ತರು. ಹಿಂದೆ ಬಾಗಿಲಲ್ಲೇ ಹೆಸರು ಹೇಳಿ ಕ್ಯಾಂಟೀನಿಗೆ ಓಡುತ್ತಿದ್ದವರ ಕಾಟ ತಾಳಲಾರದೆ, ಕುರ್ಚಿಯ ಮೇಲೆ ಕೂತವರು ಮಾತ್ರ ಹಾಜರು ಎಂಬ ಪದ್ಧತಿಯನ್ನು ಅವರೇ ಜಾರಿಗೆ ತಂದವರು. ಸ್ವಾಗತ ಭಾಷಣ ಮುಗಿಯುತ್ತಿದ್ದಂತೆ ತಲೆ ಎತ್ತಿ ಕೂತವರನ್ನು ನೋಡುತ್ತಾರೆ, ಬರೆಯುತ್ತಾರೆ, ಪುಸ್ತಕ ಮುಚ್ಚುತ್ತಾರೆ. ಆಮೇಲೆ ಆಕಾಶವೇ ಕಳಚಿ ಬಿದ್ದರೂ ತೆರೆಯುವುದಿಲ್ಲ. ಬಿದ್ದ ಪೆನ್ನು ಹುಡುಕಲು ಎದ್ದಿದ್ದ ಸ್ವಂತ ಅಣ್ಣನ ಮಗಳನ್ನೇ ಒಮ್ಮೆ ಗೈರು ಎಂದು ಬರೆದು, ಮನೆಯಲ್ಲಿ ಅತ್ತಿಗೆಯವರಿಂದ ಇವತ್ತಿಗೂ ಮಾತು ಕೇಳುತ್ತಿರುವ ಮನುಷ್ಯ. ನಾವಾದರೋ ಸ್ವಾಗತ ಭಾಷಣದ ಹೊತ್ತಿಗೆ ತಪ್ಪದೆ ಮೆಟ್ಟಿಲ ಮೇಲಿರುತ್ತಿದ್ದೆವು.

ನಮ್ಮ ಆರು ಜನರಲ್ಲಿ ತಮ್ಮ ಮುಂದಿನ ಬಲಗಾಲು ಹಿಡಿಯುವವಳನ್ನು ತಾವು ನೆನಪಿಟ್ಟಿರಬಹುದು. ಅವಳನ್ನು ಎಲ್ಲರೂ ವಕೀಲೆ ಎನ್ನುತ್ತೇವೆ. ಹಾಸ್ಟೆಲಿನಲ್ಲಿ ಎರಡನೆಯ ಸೌಟಿನ ಸಾರಿಗೂ ವಾದ ಮಂಡಿಸಿ ಗೆದ್ದವಳು, ನಾಳೆ ನಿಜವಾಗಿಯೂ ಕಾನೂನು ಓದುವ ಆಸೆಯವಳು. ಅವಳ ಅಕ್ಕ ಪೇಟೆಯ ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಗಿರಾಕಿ ಇರಲಿ ಇಲ್ಲದಿರಲಿ, ಅಂಗಡಿ ತೆರೆದಾಗಿನಿಂದ ಮುಚ್ಚುವ ತನಕ ಕೆಲಸದವರು ಕೂರುವಂತಿಲ್ಲ. ರಾತ್ರಿ ಮನೆಗೆ ಬಂದು ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಆ ಅಕ್ಕ ಹಾಸ್ಟೆಲಿನ ತಂಗಿಗೆ ಫೋನಿನಲ್ಲಿ ದಿನಾ ಹೇಳುವುದು ಒಂದೇ ಮಾತಂತೆ: "ನೀನಾದ್ರೂ ಕೂತು ಮಾಡೋ ಕೆಲಸ ಹಿಡಿ." ವಿನಾಯಿತಿ ಹೋದರೆ ವಕೀಲೆಯ ಓದು ಅಲ್ಲಿಗೆ ಮುಗಿದಂತೆ. ನಮ್ಮ ಮನೆಗಳಲ್ಲಿ ಹೇಗೋ ಏನೋ ಒದ್ದಾಡಿಯಾರು. ಅವಳ ಮನೆಯಲ್ಲಿ ಒದ್ದಾಡಲೂ ಇನ್ನೊಂದು ಜೊತೆ ಕಾಲುಗಳಿಲ್ಲ. ಇದನ್ನು ಅಕ್ಕನಿಗೆ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು.

ವಕೀಲೆ ಸುಮ್ಮನೆ ಕೂರುವವಳಲ್ಲ, ಕೂರಲು ಕುರ್ಚಿಯೂ ಇರಲಿಲ್ಲವೆನ್ನಿ. ಗುಮಾಸ್ತರ ಬಳಿ ಹೋದಳು. ತಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವುದಾಗಿಯೂ, ಅವಳು ಕೂತದ್ದು ತನಗೆ ಕಾಣಲಿಲ್ಲವೆಂದೂ ಅವರು ಬೇಸರದಿಂದಲೇ ಹೇಳಿದರು. ಸಂಚಾಲಕಿಯವರ ಬಳಿ ಹೋದಳು. ಅವರ ಕಣ್ಣು ತುಂಬಿತು. ಇಂಥ ಜೀವಂತ ಅನುಭವಗಳೇ ನಮಗೆ ಬೇಕಾದ್ದು, ಶುಕ್ರವಾರದ ಮುಕ್ತ ಚರ್ಚೆಯಲ್ಲಿ ದಯವಿಟ್ಟು ಎದ್ದು ಹೇಳು ಎಂದು ಅವಳ ಕೈ ಹಿಡಿದು ಕೇಳಿಕೊಂಡರು. ಶುಕ್ರವಾರದ ಮುಕ್ತ ಚರ್ಚೆಗೆ ಅತಿಥಿಗಳು ಇಬ್ಬರಾದ್ದರಿಂದ ಇನ್ನೊಂದು ಟೀಪಾಯಿ ಬೇಕಾಗಿ, ಚರ್ಚೆ ಮುಕ್ತವಾಗಿ ನಡೆಯುತ್ತಿದ್ದಾಗ ವಕೀಲೆ ಮೊದಲ ಮಹಡಿಯ ತಿರುವಿನಲ್ಲಿ ಅದರ ಗಾಜು ಒಡೆಯದಂತೆ ಎದೆಗವಚಿಕೊಂಡು ನಿಂತಿದ್ದಳು. ಅಂದು ಅವಳು ಅತ್ತದ್ದನ್ನು ನಾನು ನೋಡಿದೆ. ಸೌಟಿನ ಸಾರಿಗೆ ವಾದಿಸುವವಳು ಬಾಯಿ ಮುಚ್ಚಿಕೊಂಡು ಅತ್ತರೆ ನೋಡುವುದು ಕಷ್ಟ, ಮಾನ್ಯರೇ. ನನಗೆ ಆ ಟೀಪಾಯಿಯನ್ನು ಕಿಟಕಿಯಿಂದ ಎಸೆಯಬೇಕೆನ್ನಿಸಿತು.

ಉಳಿದದ್ದು ಒಂದೇ ಸಭೆ, ಸಮಾರೋಪ. ಅದರ ವಿಷಯ 'ಎಲ್ಲರಿಗೂ ತೆರೆದ ಬಾಗಿಲು'. ಅತಿಥಿಗಳು ನಿವೃತ್ತ ನ್ಯಾಯಾಧೀಶೆ. ಈ ಸಭೆಗೆ ಬಾರದವರ ಆಂತರಿಕ ಅಂಕಗಳನ್ನು ಕಡಿತ ಮಾಡಲಾಗುವುದೆಂದು ಪ್ರಾಂಶುಪಾಲರು ಸುತ್ತೋಲೆ ಹೊರಡಿಸಿದ್ದರಿಂದ ಇಡೀ ಕಾಲೇಜಿಗೆ ಸಾಮಾಜಿಕ ನ್ಯಾಯದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಕುದುರಿತ್ತು. ನಮ್ಮ ಯೋಜನೆ ಸರಳವಾಗಿತ್ತು: ಎಲ್ಲರಿಗಿಂತ ಮೊದಲೇ ತಮ್ಮನ್ನು ಮೇಲೆ ಸಾಗಿಸಿ, ಯಾರು ಏನು ಕೇಳಿದರೂ ಕಿವುಡರಂತೆ ನಟಿಸಿ, ಹೇಗಾದರೂ ಮಾಡಿ ಕುರ್ಚಿ ಹಿಡಿಯುವುದು.

ಆದರೆ ಹಿಂದಿನ ಸಂಜೆ, ನಾವು ತಮ್ಮನ್ನು ಕೆಳಗಿಳಿಸುತ್ತಿದ್ದ ಹೊತ್ತಿನಲ್ಲೇ, ಮೇಲೆ ಸಂಚಾಲಕಿಯವರೂ ಚಿತ್ರಕಲಾ ವಿಭಾಗದವರೂ ಸೇರಿ ಸಭಾಂಗಣದ ಬಾಗಿಲಿಗೆ ಒಂದು ಕಮಾನು ನಿಲ್ಲಿಸಿದ್ದರು. ದಪ್ಪ ಪ್ಲೈವುಡ್ಡಿನ ಕಮಾನು. ಮೇಲೆ ದೊಡ್ಡಕ್ಷರಗಳಲ್ಲಿ 'ಎಲ್ಲರಿಗೂ ತೆರೆದ ಬಾಗಿಲು' ಎಂದು ಬರೆದು, ಕೆಳಗೆ ಇಕ್ಕೆಲಕ್ಕೂ ವಿದ್ಯಾರ್ಥಿಗಳೆಲ್ಲ ಬಣ್ಣದಲ್ಲಿ ಅಂಗೈ ಅದ್ದಿ ಅಚ್ಚೊತ್ತಿದ್ದರು. ನಮ್ಮ ಆರು ಜನರ ಅಂಗೈಗಳು ಅದರಲ್ಲಿರಲಿಲ್ಲ, ಅವು ಆಗ ತಮ್ಮ ಸೇವೆಯಲ್ಲಿದ್ದವು. ಎರಡೂ ಕದ ತೆರೆದಾಗಲೇ ಕೂದಲೆಳೆಯಷ್ಟು ಅಂತರದಲ್ಲಿ ತಾವು ಹಾಯುತ್ತಿದ್ದ ಆ ಬಾಗಿಲು, ತೆರೆದ ಬಾಗಿಲೆಂದು ಬರೆಸಿಕೊಂಡ ಮೇಲೆ, ಎರಡು ಕಡೆಯಿಂದಲೂ ಒಂದೊಂದು ಗೇಣು ಕಿರಿದಾಗಿತ್ತು. ಕಮಾನನ್ನು ಅಳತೆ ತೆಗೆದೇ ಮಾಡಿದ್ದರಂತೆ. ಮನುಷ್ಯರು ಹಾದುಹೋಗುವ ಅಳತೆ.

ಮುಂದಿನದು ತಮಗೆ ಅನುಭವದಿಂದಲೇ ಗೊತ್ತು. ತಮ್ಮನ್ನು ಒಂದು ಮಗ್ಗುಲಿಗೆ ಒರಗಿಸಿ, ಒಳಗಿದ್ದ ಮೂವರು ಎಳೆದು ಹೊರಗಿದ್ದ ಮೂವರು ತಳ್ಳಿ, ಅರ್ಧ ದೇಹ ಸಭಾಂಗಣಕ್ಕೂ ಅರ್ಧ ದೇಹ ಮೊಗಸಾಲೆಗೂ ಸೇರುವಷ್ಟರಲ್ಲಿ ತಾವು ಕಚ್ಚಿಕೊಂಡಿರಿ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎಲ್ಲರೂ ಸೇರಿ ಒಳಗಿನಿಂದ ಎಳೆದರೆ ಬಂದೀತು ಎಂದು ವಕೀಲೆ ಸೂಚಿಸಿದ್ದರಿಂದ ಹೊರಗಿದ್ದ ನಾವು ಮೂವರೂ ತಮ್ಮ ಮೈಮೇಲೆ ಹತ್ತಿ ಒಳಕ್ಕೆ ಧುಮುಕಿದೆವು. ಎಳೆದೆವು. ತಮ್ಮ ಬಲಗೈ ಕಿರ್ರೆಂದಿತೇ ಹೊರತು ತಾವು ಕ್ಯಾರೇ ಎನ್ನಲಿಲ್ಲ.

ಅಷ್ಟರಲ್ಲಿ ಪ್ರಾಂಶುಪಾಲರು ಬಂದರು, ಅವರ ಬೆನ್ನಿಗೆ ಕಾಲೇಜೇ ಬಂತು. ನಮ್ಮ ಹಾಗೆ ಹತ್ತಿ ಧುಮುಕಲು ಕೆಲವರು ಕಾಲೆತ್ತಿದ್ದೂ ಉಂಟು. ಅತಿಥಿಗಳು ಕೂರುವ ಜಾಗವನ್ನು ಯಾರೂ ತುಳಿಯಬಾರದೆಂದು ಪ್ರಾಂಶುಪಾಲರು ಅಪ್ಪಣೆ ಮಾಡಿದರು. ಹಾಗಾದರೆ ಕಮಾನು ಕೊಯ್ಯೋಣವೆಂದರೆ, ಮಕ್ಕಳ ಅಂಗೈಗಳಿಗೆ ಗರಗಸ ಹಾಕಲು ಬಿಡುವುದಿಲ್ಲವೆಂದು ಸಂಚಾಲಕಿಯವರು ಎರಡೂ ಕೈ ಚಾಚಿ ಅಡ್ಡ ನಿಂತರು. ಸೋಫಾ ಬಿಚ್ಚೋಣವೆಂದರೆ, ಆಡಳಿತ ಮಂಡಳಿಯವರ ಕೊಡುಗೆಯನ್ನು ಮುಟ್ಟಕೂಡದೆಂದು ಪ್ರಾಂಶುಪಾಲರೂ ಕೈ ಚಾಚಿ ನಿಂತರು. ಪಕ್ಕದಲ್ಲೊಂದು ಬಾಗಿಲಿದೆಯಲ್ಲ ಎಂದು ಯಾರೋ ನೆನಪಿಸಿದರು. ಆ ಬಾಗಿಲಿನ ಹಿಂದೆ ಹಿಂದಿನ ವರ್ಷಗಳ ಸಮಾನತಾ ಸಪ್ತಾಹಗಳ ಬ್ಯಾನರು, ಚೌಕಟ್ಟು, ಮುರಿದ ಮೈಕ್ ಸ್ಟ್ಯಾಂಡುಗಳನ್ನೆಲ್ಲ ಸೂರಿನ ತನಕ ಒಟ್ಟಿದ್ದರು. ಹೊರಗಿನವರೆಲ್ಲ ಸಲಹೆ ಕೊಡುವುದರಲ್ಲೂ ತಮ್ಮ ಜೊತೆ ಸೆಲ್ಫಿ ತೆಗೆದುಕೊಳ್ಳುವುದರಲ್ಲೂ ಮುಳುಗಿದರು.

ನ್ಯಾಯಾಧೀಶೆಯವರು ಆಗಮಿಸಿದ್ದು ಇಂಥ ಶುಭಗಳಿಗೆಯಲ್ಲಿ. ಊರುಗೋಲು ಹಿಡಿದ ಸಣಕಲು ಮೈಯ ಹಿರಿಯರು. ಬಾಗಿಲಲ್ಲಿ ಮಲಗಿದ್ದ ತಮ್ಮನ್ನು ಒಂದು ಸಲ, ಮೇಲಿನ ಬರಹವನ್ನು ಒಂದು ಸಲ ನೋಡಿದರು. ಅವರಿಗಾಗಿಯೇ ತರಿಸಿದ ಸೋಫಾ ಇದೆಂದು ಪ್ರಾಂಶುಪಾಲರು ಬೆವರು ಒರೆಸಿಕೊಳ್ಳುತ್ತ ವಿವರಿಸಿದಾಗ ಅವರು ಆಡಿದ ಮಾತನ್ನು, ತಮ್ಮ ಮನಸ್ಸಿಗೆ ನೋವಾದರೂ, ಇದ್ದಂತೆ ಬರೆಯಬೇಕಾಗಿದೆ: "ನನಗೆ ಸೋಫಾ ಆಗೋದಿಲ್ಲಪ್ಪ, ಮಂಡಿನೋವು. ಒಂದ್ಸಲ ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು. ಗಟ್ಟಿಯಾದೊಂದು ಮರದ ಕುರ್ಚಿ ಸಾಕು ಅಂತ ಫೋನಲ್ಲೂ ಹೇಳಿದ್ನಲ್ಲ." ಹೇಳಿದ್ದರಂತೆ ಮಾನ್ಯರೇ, ಹೇಳಿದ್ದು ನಿಜವಂತೆ. ದೊಡ್ಡವರ ವಿನಯವೆಂದು ಸಮಿತಿ ಅದನ್ನು ಮೆಚ್ಚಿಕೊಂಡು, ತಮ್ಮನ್ನೇ ಕಳಿಸುವುದೆಂದು ಒಮ್ಮತದಿಂದ ನಿರ್ಧರಿಸಿತ್ತು. ನನ್ನ ಸೊಂಟ ಆ ಕ್ಷಣ ಅನುಭವಿಸಿದ್ದನ್ನು ಸಭ್ಯ ಕನ್ನಡದಲ್ಲಿ ಬರೆಯಲಾರೆ.

ಕಾವಲುಗಾರರ ಕುರ್ಚಿ ತಂದು ಅವರನ್ನು ಮೊಗಸಾಲೆಯಲ್ಲೇ ಕೂರಿಸಿದ್ದಾಯಿತು. ಸಭೆ ಶುರುವಾಗಬೇಕು. ಆಗ ಎಲ್ಲರಿಗೂ ಹೊಳೆದದ್ದೇನೆಂದರೆ, ವೇದಿಕೆ ಒಳಗಿದೆ, ಮೈಕು ಒಳಗಿದೆ, ಅಷ್ಟೂ ಕುರ್ಚಿಗಳು ಒಳಗಿವೆ, ಮತ್ತು ಒಳಗಿರುವವರು ನಾವು ಆರು ಜನ ಮಾತ್ರ. ಇನ್ನೊಬ್ಬರಿದ್ದರು. ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು ವೇದಿಕೆಯ ಪಕ್ಕದ ಮೇಜಿನ ಮುಂದೆ ಪುಸ್ತಕ ಬಿಡಿಸಿ ಕೂತಿದ್ದ ಹಾಜರಿ ಗುಮಾಸ್ತರು.

ಹೊರಗಿನಿಂದ ಎಷ್ಟು ಕಿರುಚಿದರೂ ಹಿಂದಿನವರಿಗೆ ಕೇಳದ್ದರಿಂದ, ಒಳಗಿರುವವರು ಯಾರಾದರೂ ಮೈಕಿನಲ್ಲಿ ನಾಲ್ಕು ಮಾತು ಸ್ವಾಗತ ಹೇಳಿಬಿಡಿ ಎಂದು ಸಂಚಾಲಕಿಯವರು ತಮ್ಮ ಮೇಲಿಂದ ಬಗ್ಗಿ ಕೇಳಿಕೊಂಡರು. ವಕೀಲೆ ಹೋದಳು. ನಾವು ಐವರು ಗಣ್ಯರಿಗೆಂದು ಕಾದಿರಿಸಿದ್ದ ಮೊದಲ ಸಾಲಿನಲ್ಲಿ ಕೂತೆವು. ಒಂದು ವಾರದಲ್ಲಿ ಮೊದಲ ಬಾರಿ ಕೂತದ್ದು. ಬೆನ್ನಿಗೆ ಏನೋ ತಾಗಿ ಎಲ್ಲವೂ ಹಗುರಾದಂತಾಗಿ ನನಗೆ ನಗು ಬಂತು. ವಕೀಲೆ ಮೈಕು ಸರಿಮಾಡಿಕೊಂಡಳು.

"ಎಲ್ಲರಿಗೂ ಸ್ವಾಗತ. ಒಳಗೆ ಬನ್ನಿ ಅನ್ನೋಕೆ ಆಗ್ತಿಲ್ಲ, ಕ್ಷಮಿಸಿ. ಈ ವಾರ ಇಲ್ಲಿ ನ್ಯಾಯದ ಬಗ್ಗೆ ತುಂಬ ಒಳ್ಳೊಳ್ಳೆ ಮಾತು ಆಯ್ತಂತೆ. ನಾವು ಆರು ಜನ ಮೆಟ್ಟಿಲ ಮೇಲಿದ್ವಿ, ಒಂದೂ ಕೇಳಿಸಲಿಲ್ಲ. ಕೇಳಿಸಿಕೊಂಡವರು ಯಾರಾದ್ರೂ ನಮಗೂ ಸ್ವಲ್ಪ ಹೇಳ್ತೀರಾ?"

ಅವಳು ಚುಚ್ಚಲು ಕೇಳಿದ್ದಲ್ಲ, ಮಾನ್ಯರೇ. ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಹೊರಗೆ ಮೊಬೈಲುಗಳು ಮೆಲ್ಲಗೆ ಕೆಳಗಿಳಿದವು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಧೈರ್ಯ ಮಾಡಿ, ಶ್ರಮಕ್ಕೆ ಘನತೆ ಇದೆ ಎಂದು ಶುರುಮಾಡಿದವನು, ಅವನಿಗೂ ನಮಗೂ ನಡುವೆ ಬಿದ್ದುಕೊಂಡಿದ್ದ ತಮ್ಮನ್ನು ನೋಡಿ ಅಲ್ಲಿಗೇ ನಿಲ್ಲಿಸಿದ. ಸಂಚಾಲಕಿಯವರ ಕಣ್ಣು ತುಂಬಿತು, ಈ ಸಲ ಅವರು ಅದನ್ನು ಬೇರೆಯವರಿಗೆ ಕಾಣದಂತೆ ಒರೆಸಿಕೊಂಡರು.

ನ್ಯಾಯಾಧೀಶೆಯವರು ಮಾತ್ರ ಮುಂದೆ ಬಾಗಿ, ಮೆಟ್ಟಿಲ ಮೇಲೆ ಯಾಕಿದ್ದಿರಿ ಎಂದು ಕೇಳಿದರು. ವಕೀಲೆ ಹೇಳತೊಡಗಿದಳು, ಎರಡು ನಿಯಮಗಳ ಕಥೆ, ಕುರ್ಚಿಯ ಕಥೆ, ಒಂದೊಂದಾಗಿ. ಆದರೆ ಸ್ವಾಗತ ಮುಗಿದಿತ್ತು, ಗುಮಾಸ್ತರು ತಲೆ ಎತ್ತಿದ್ದರು. ಕೂತಿದ್ದ ನಮ್ಮ ಐವರ ಹೆಸರು ಬರೆದರು. ಆಮೇಲೆ ಅವರ ಪೆನ್ನು ಗಾಳಿಯಲ್ಲೇ ನಿಂತಿತು, ಕಣ್ಣು ವಕೀಲೆಯ ಮೇಲೆ. ಅವಳು ನಿಂತಿದ್ದಳು. ನಾನು ಕೈಸನ್ನೆ ಮಾಡಿದೆ, ಕೆಮ್ಮಿದೆ, ಕುರ್ಚಿಯನ್ನು ತಟ್ಟಿದೆ. ಮಾತಿಗೆ ಬಿದ್ದ ವಕೀಲೆಗೆ ಇದೆಲ್ಲ ಎಲ್ಲಿ ಕಾಣಬೇಕು? ನ್ಯಾಯದ ಬಗ್ಗೆ ಮಾತಾಡುತ್ತ ನಿಂತವಳು ಅದೇ ಕಾರಣಕ್ಕೆ ಗೈರಾಗುವವಳಿದ್ದಳು. ಪುಸ್ತಕ ಮುಚ್ಚಲು ಗುಮಾಸ್ತರು ಇನ್ನೊಂದು ಕೈ ಎತ್ತಿಯೂ ಆಗಿತ್ತು.

ಅವಳು ಹೇಳುತ್ತ ಹೇಳುತ್ತ ದಣಿದದ್ದನ್ನು ಕಂಡು ನ್ಯಾಯಾಧೀಶೆಯವರು ಊರುಗೋಲು ಎತ್ತಿ ತಡೆದರು.

"ಕೂತ್ಕೋಮ್ಮ. ಕೂತೇ ಹೇಳು."

ವೇದಿಕೆಯ ಮೇಲೆ, ತಮಗೆಂದು ಖಾಲಿ ಬಿಟ್ಟಿದ್ದ ಜಾಗದ ಪಕ್ಕದಲ್ಲಿ, ನಿರೂಪಕರ ಪ್ಲಾಸ್ಟಿಕ್ ಕುರ್ಚಿಯೊಂದಿತ್ತು. ವಕೀಲೆ ಅದನ್ನೆಳೆದುಕೊಂಡು ಕೂತಳು. ಗುಮಾಸ್ತರು ಅವಳನ್ನೂ ಕುರ್ಚಿಯನ್ನೂ ಒಂದು ಸಲ ನೋಡಿ, ಬರೆದು, ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯೇನಿಲ್ಲ. ಸಭೆ ಮುಗಿದ ಮೇಲೆ ತಮ್ಮನ್ನು ಬಾಗಿಲಿನಿಂದ ಹಿಂದಕ್ಕೆ ಕಿತ್ತು ತೆಗೆಯುವಾಗ ತಮ್ಮ ಬಲಗೈ ಕಳಚಿ ಬಂತು. ಅಂದು ಸಂಜೆ ವಕೀಲೆ ಅಕ್ಕನಿಗೆ ಫೋನು ಮಾಡಿ ವಿಷಯವನ್ನೆಲ್ಲ ಬಿಚ್ಚಿ ಹೇಳಿದಳಂತೆ. ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದ ಅಕ್ಕ ಎಲ್ಲ ಕೇಳಿ, ಕುರ್ಚಿ ಚೆನ್ನಾಗಿತ್ತಾ ಎಂದಷ್ಟೇ ವಿಚಾರಿಸಿದಳಂತೆ.

ಹಾಜರಿ ಪ್ರಕಟವಾದದ್ದು ಸೋಮವಾರ. ಸಮಾರೋಪ ಸಭೆಗೆ ಹಾಜರಾದವರು ಸೋಫಾ ಸೈನ್ಯದ ಆರು ಜನ. ಕಾಲೇಜಿನ ಉಳಿದ ಸಮಸ್ತರೂ ಗೈರು. ಗಣ್ಯರ ಪಟ್ಟಿಯಲ್ಲಿ ಪ್ರಾಂಶುಪಾಲರ ಹೆಸರಿನ ಮುಂದೆಯೂ ಗುಮಾಸ್ತರು ಗೈರು ಎಂದೇ ಬರೆದಿದ್ದರು. ಆ ಬೆಳಿಗ್ಗೆ ನಮ್ಮ ಕಾಲೇಜಿನಲ್ಲಿ ಸಾಮಾಜಿಕ ನ್ಯಾಯದ ಅರಿವು ಮೂಡಿದ ಬಗೆಯನ್ನು ತಾವು ಕಣ್ಣಾರೆ ಕಾಣಬೇಕಿತ್ತು. ಕುರ್ಚಿ ಸಿಕ್ಕವರಷ್ಟೇ ಲೆಕ್ಕಕ್ಕೆ, ನಿಂತವರು ಮನುಷ್ಯರಲ್ಲವೇ ಎಂದು ಹುಡುಗರು ಕೇಳಿದರು. ಬಾಗಿಲೇ ಇಲ್ಲದೆ ಒಳಗೆ ಬರಲಿಲ್ಲವೆಂದು ಶಿಕ್ಷಿಸುವುದು ಯಾವ ನ್ಯಾಯವೆಂದು ಹುಡುಗಿಯರು ಕೇಳಿದರು. ಮೆರವಣಿಗೆ ಹೊರಟಿತು. ಅತಿಥಿಗಳ ಭಾಷಣಗಳು ಒಂದು ವಾರದಲ್ಲಿ ಮಾಡಲಾಗದ್ದನ್ನು ಆಂತರಿಕ ಅಂಕಗಳು ಒಂದೇ ಬೆಳಿಗ್ಗೆ ಮಾಡಿ ಮುಗಿಸಿದವು. ಅವರ ಮನವಿಯನ್ನು ಚೆಂದ ಮಾಡಿ ಬರೆದುಕೊಟ್ಟವಳು ವಕೀಲೆಯೇ. ಸೋಫಾ ಸೈನ್ಯ ಎಂದು ಹಂಗಿಸುತ್ತಿದ್ದವರು ಅವಳ ಸುತ್ತ ಕೂತು, ಹೀಗೂ ಆಗುತ್ತದೆಂದು ನಮಗೆ ಗೊತ್ತೇ ಇರಲಿಲ್ಲ ಎಂದು ಒಪ್ಪಿಕೊಂಡರು, ಮತ್ತು ಹಾಗೆ ಒಪ್ಪಿಕೊಂಡವರಲ್ಲಿ ಕೆಲವರು ನಿಜಕ್ಕೂ ಪೆಚ್ಚಾಗಿದ್ದರು. ಇನ್ನು ಮುಂದೆ ನಿಂತವರೂ ಹೊತ್ತವರೂ ಬಾಗಿಲ ಹೊರಗಿದ್ದವರೂ ಹಾಜರು ಎಂದು ನಿಯಮ ತಿದ್ದಲಾಗಿದೆ. ಗುಮಾಸ್ತರು ಹೊಸ ನಿಯಮವನ್ನೂ ಅಷ್ಟೇ ಶ್ರದ್ಧೆಯಿಂದ ಪಾಲಿಸುವುದಾಗಿ ತಿಳಿಸಿ, ಅಣ್ಣನ ಮಗಳ ಹಳೆಯ ಗೈರನ್ನು ಅದರಡಿ ತಿದ್ದಲು ಬರುವುದಿಲ್ಲವೆಂದೂ ತಿಳಿಸಿದರು.

ಈಗ ತಮ್ಮಲ್ಲಿ ನನ್ನ ಬಿನ್ನಹ. ಮೊದಲನೆಯದಾಗಿ, ಮುಂದಿನ ಸಪ್ತಾಹಕ್ಕೆ ದಯಮಾಡಿ ನಡೆದು ಬನ್ನಿ. ನಾಲ್ಕು ಕಾಲಿರುವ ತಾವು ಎರಡು ಕಾಲಿನವರ ಮೇಲೆ ಸವಾರಿ ಮಾಡುವುದು ನೋಡುವವರಿಗೂ ಚೆಂದವಲ್ಲ. ನಡೆಯಲು ಸಂಕೋಚವಾದರೆ ಕನಿಷ್ಠ ಪಕ್ಷ ತಿರುವಿನಲ್ಲಾದರೂ ಮೈ ಸ್ವಲ್ಪ ಹಗುರ ಮಾಡಿಕೊಳ್ಳಿ, ಉಸಿರು ಬಿಗಿಹಿಡಿಯಿರಿ, ನಾವು ಹಿಡಿಯುವುದಿಲ್ಲವೇ? ಭಾಷಣಕಾರರು ಶ್ರಮದ ಬಗ್ಗೆ ಮಾತಾಡುವಾಗ ಒಂದು ಸ್ಪ್ರಿಂಗನ್ನು ಮೆಲ್ಲಗೆ ಮೇಲಕ್ಕೆ ಚುಚ್ಚಲು ಸಾಧ್ಯವೇ ಎಂದೂ ಆಲೋಚಿಸಿ. ಇನ್ನು, ವಾರದ ಉಪನ್ಯಾಸಗಳನ್ನೆಲ್ಲ ಪೂರ್ತಿ ಕೇಳಿದವರು ತಾವೊಬ್ಬರೇ ಆದ್ದರಿಂದ, ಅವುಗಳ ಸಾರಾಂಶವನ್ನು ಬಿಡುವಿದ್ದಾಗ ನಮಗೆ ಹೇಳಿ; ವಕೀಲೆ ಇನ್ನೂ ಕೇಳುತ್ತಿದ್ದಾಳೆ, ಈವರೆಗೆ ಯಾರೂ ಹೇಳಿಲ್ಲ. ಇದೆಲ್ಲ ತಮ್ಮಿಂದಾಗದಿದ್ದರೆ ಸ್ವಯಂ ನಿವೃತ್ತಿ ಪಡೆದು ಸಂದರ್ಶಕರ ಕೋಣೆಯಲ್ಲೇ ವಿಶ್ರಮಿಸಿ, ನಮ್ಮ ಮನಸ್ಸಿನಲ್ಲಿ ಎಂದೆಂದೂ ಇರಿ, ಹೆಗಲ ಮೇಲೆ ಬೇಡ.

ಸಿಟ್ಟಿನಿಂದ ಬರೆದೆನೆಂದು ಭಾವಿಸಬೇಡಿ. ತಾವು ಆ ದಿನ ಆ ಬಾಗಿಲಲ್ಲಿ ಹಠ ಹಿಡಿದು ಮಲಗದೆ, ಎಂದಿನಂತೆ ಸಲೀಸಾಗಿ ಒಳಗೆ ಬಂದುಬಿಟ್ಟಿದ್ದರೆ ಏನಾಗುತ್ತಿತ್ತೆಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ನಾವು ಟೀಪಾಯಿ ತರಲು ಹೋಗಿರುತ್ತಿದ್ದೆವು. ಆದ್ದರಿಂದ ಈ ದೂರಿನ ಜೊತೆಗೆ ಒಂದು ಕೃತಜ್ಞತೆಯನ್ನೂ ಸ್ವೀಕರಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ತಮ್ಮ ಹಿಂದಿನ ಎಡಗಾಲು ಹಿಡಿದವನು.

ಮರೆತ ಮಾತು: ಸಪ್ತಾಹದ ಯಶಸ್ಸಿನಿಂದ ಹುರುಪುಗೊಂಡ ಸಮಿತಿ, ಮುಂದಿನ ವರ್ಷ ಅತಿಥಿಗಳಲ್ಲಿ ಭೇದಭಾವವಾಗದಿರಲೆಂದು ವೇದಿಕೆಯ ಮೇಲಿನ ಎಲ್ಲರಿಗೂ ಸೋಫಾ ಹಾಕಿಸಲು ನಿರ್ಧರಿಸಿದೆ. ತಮ್ಮ ಅಣ್ಣತಮ್ಮಂದಿರು ಸದ್ಯದಲ್ಲೇ ಬರುತ್ತಾರೆ, ತಮಗಿಂತ ಅಗಲವಾದವರಂತೆ. ಈ ಸುದ್ದಿ ಕೇಳಿದ ದಿನವೇ ವಕೀಲೆ ಪ್ರಾಂಶುಪಾಲರನ್ನು ಕಂಡು, 'ಎಲ್ಲರಿಗೂ ತೆರೆದ ಬಾಗಿಲು' ಎಂಬ ಆ ಕಮಾನು ನಮಗೆಲ್ಲ ದಾರಿದೀಪವಾಗಿದೆಯೆಂದೂ, ಅದನ್ನು ತೆಗೆಯದೆ ಶಾಶ್ವತವಾಗಿ ಅಲ್ಲೇ ಉಳಿಸಬೇಕೆಂದೂ ವಿದ್ಯಾರ್ಥಿಗಳ ಪರವಾಗಿ ವಿನಂತಿಸಿದಳು. ಮಕ್ಕಳಲ್ಲಿ ಇಂಥ ಪರಿವರ್ತನೆ ಕಂಡು ಪ್ರಾಂಶುಪಾಲರು ಅಲ್ಲೇ ಒಪ್ಪಿಗೆಯ ಸಹಿ ಹಾಕಿದರು. ನಿನ್ನೆ ಬಡಗಿಯವರು ಬಂದು ಅದನ್ನು ಗೋಡೆಗೆ ಉದ್ದುದ್ದ ಬೋಲ್ಟು ಹಾಕಿ ಬಿಗಿದು ಹೋಗಿದ್ದಾರೆ, ಮತ್ತು ಈ ಸಲ ಅದರ ಮೇಲೆ ನಮ್ಮ ಆರು ಜನರ ಅಂಗೈಗಳೂ ಇವೆ.